1500 ಎಂದರೆ ಎಷ್ಟು? ಚೆಸ್ ರೇಟಿಂಗ್‌ಗಳನ್ನು ಹೋಲಿಸುವ ಕಷ್ಟ

ಚೆಸ್ ಕಲಿಯುವ ಮಕ್ಕಳಿರುವ ಮನೆಗಳಲ್ಲಿ ಒಂದು ಪ್ರಶ್ನೆ ಎದ್ದೇ ಏಳುತ್ತದೆ: ಆನ್‌ಲೈನ್‌ನಲ್ಲಿ ಮಗಳಿಗೆ 1800 ಇದೆ, ಹಾಗಾದರೆ ಅಂತರರಾಷ್ಟ್ರೀಯ ಚೆಸ್ ಒಕ್ಕೂಟವಾದ ಫಿಡೆಯ ರೇಟಿಂಗ್ ಎಷ್ಟು ಬಂದೀತು? ಟೂರ್ನಿ ಹಾಲ್‌ನ ಹೊರಗೆ ಕಾಯುತ್ತ ಕೂತ ಪೋಷಕರು ಇದನ್ನು ಕೇಳುತ್ತಾರೆ, ಕೋಚ್‌ಗಳು ಒಂದು ಅಂದಾಜು ಹೇಳುತ್ತಾರೆ. ‘ಇನ್ನೂರು ಕಳೆಯಿರಿ’, ‘ಮುನ್ನೂರು ಕಳೆಯಿರಿ’ ಎಂಬ ಸೂತ್ರಗಳು ಬಾಯಿಂದ ಬಾಯಿಗೆ ಹರಡುತ್ತವೆ. ಆ ಅಂದಾಜಿನ ಮೇಲೆ ಟೂರ್ನಿಗೆ ಹಣ ಕಟ್ಟುತ್ತಾರೆ, ರಜೆ ಹಾಕಿ ರೈಲು ಹತ್ತುತ್ತಾರೆ. ಮಗು ಐದು ದಿನ ಸೋತು ಬಂದರೆ ಎಲ್ಲೋ ಏನೋ ತಪ್ಪಾಗಿದೆ ಎಂದು ಮನೆಮಂದಿಯೆಲ್ಲ ಚಿಂತೆಗೆ ಬೀಳುತ್ತಾರೆ. ಬಹುತೇಕ ಸಲ ತಪ್ಪು ಮಗುವಿನದಲ್ಲ, ಸೂತ್ರದ್ದು.

ಎರಡು ಸಂಖ್ಯೆಗಳೂ ಒಂದೇ ವಸ್ತುವನ್ನು ಅಳೆಯುತ್ತವೆ, ಅಳತೆಗೋಲು ಮಾತ್ರ ಬೇರೆ ಎಂಬ ನಂಬಿಕೆ ಆ ಸೂತ್ರಗಳ ಹಿಂದಿದೆ. ಆದರೆ ಒಂದು ಬಳಗದೊಳಗೆ ಯಾರು ಯಾರ ಎದುರು ಎಷ್ಟು ಗೆಲ್ಲುತ್ತಾರೆ ಎಂಬುದಷ್ಟೇ ರೇಟಿಂಗ್‌ಗೆ ಗೊತ್ತು. ಬಳಗ ಬದಲಾದರೆ ಅದೇ ಸಂಖ್ಯೆಯ ಅರ್ಥವೂ ಬದಲಾಗುತ್ತದೆ. ಎರಡು ಬಳಗಗಳ ಆಟಗಾರರು ಪರಸ್ಪರ ಎದುರು ಕೂತು ಆಡಿದಷ್ಟರ ಮಟ್ಟಿಗೆ ಮಾತ್ರ ಒಂದರ ಸಂಖ್ಯೆಯನ್ನು ಇನ್ನೊಂದಕ್ಕೆ ತಿರುಗಿಸಲು ಸಾಧ್ಯ. ಏಳು ದಶಕಗಳ ಇತಿಹಾಸ ಇದನ್ನು ಹಲವು ಬಾರಿ ತೋರಿಸಿಕೊಟ್ಟಿದೆ.

ಈಗ ಜಗತ್ತೆಲ್ಲ ಬಳಸುವ ಲೆಕ್ಕದ ಮೂಲ ಆರ್ಪಾಡ್ ಎಲೊ ಅವರದು. 1903ರಲ್ಲಿ ಹಂಗೆರಿಯಲ್ಲಿ ಹುಟ್ಟಿ ಬಾಲ್ಯದಲ್ಲೇ ಅಮೆರಿಕಕ್ಕೆ ಹೋದ ಅವರು ಮಿಲ್ವಾಕಿಯ ಮಾರ್ಕ್ವೆಟ್ ವಿಶ್ವವಿದ್ಯಾಲಯದಲ್ಲಿ ಭೌತಶಾಸ್ತ್ರದ ಪ್ರಾಧ್ಯಾಪಕರಾಗಿದ್ದರು. ವಿಸ್ಕಾನ್ಸಿನ್ ರಾಜ್ಯದ ಚಾಂಪಿಯನ್ ಪಟ್ಟವನ್ನು ಎಂಟು ಬಾರಿ ಗೆದ್ದ ಗಟ್ಟಿ ಆಟಗಾರರೂ ಹೌದು. ಅವರ ಪದ್ಧತಿಯನ್ನು ಅಮೆರಿಕದ ಚೆಸ್ ಫೆಡರೇಷನ್ 1960ರಲ್ಲಿ, ಫಿಡೆ 1970ರಲ್ಲಿ ಒಪ್ಪಿಕೊಂಡವು. ಅದರ ತಿರುಳು ಸರಳ. ಇಬ್ಬರ ರೇಟಿಂಗ್‌ಗಳ ನಡುವಿನ ವ್ಯತ್ಯಾಸ ನೋಡಿದರೆ, ಅವರು ನೂರು ಆಟ ಆಡಿದಾಗ ಯಾರಿಗೆ ಎಷ್ಟು ಅಂಕ ಬಂದೀತು ಎಂದು ಹೇಳಬಹುದು. ನೂರು ಪಾಯಿಂಟ್ ಹೆಚ್ಚಿರುವವನಿಗೆ ಸುಮಾರು 64 ಅಂಕ, ಇನ್ನೂರು ಹೆಚ್ಚಿದ್ದರೆ 76, ನಾನೂರು ಹೆಚ್ಚಿದ್ದರೆ 91. ನಿರೀಕ್ಷೆಗಿಂತ ಹೆಚ್ಚು ಗಳಿಸಿದರೆ ರೇಟಿಂಗ್ ಏರುತ್ತದೆ, ಕಡಿಮೆ ಗಳಿಸಿದರೆ ಇಳಿಯುತ್ತದೆ.

ಈ ಲೆಕ್ಕದಲ್ಲಿ ಎಲ್ಲಿಯೂ ಮೂಲ ರೇಟಿಂಗ್ ಬರುವುದಿಲ್ಲ, ವ್ಯತ್ಯಾಸ ಮಾತ್ರ ಬರುತ್ತದೆ. ಫಿಡೆ ಪಟ್ಟಿಯ ಪ್ರತಿಯೊಬ್ಬರಿಗೂ ನಾಳೆ ಬೆಳಿಗ್ಗೆ ಒಂದು ಸಾವಿರ ಸೇರಿಸಿದರೆ ಯಾವ ಆಟದ ಭವಿಷ್ಯವೂ ಬದಲಾಗದು. ಈ ಮಾಪಕಕ್ಕೆ ಸೊನ್ನೆ ಎಂಬುದೇ ಇಲ್ಲ. ಪದ್ಧತಿ ಆರಂಭಿಸಿದವರು ಮೊದಲ ಆಟಗಾರರನ್ನು ಎಲ್ಲಿ ನಿಲ್ಲಿಸಿದರೋ ಅದೇ ಆಧಾರ. ಎಲೊ ಅವರಿಗೆ ತಮ್ಮ ಸಾಧನದ ಮಿತಿ ಚೆನ್ನಾಗಿ ಗೊತ್ತಿತ್ತು. ನೀರಿನಲ್ಲಿ ಮೇಲೆ ಕೆಳಗೆ ಕುಣಿಯುವ ಬೆಂಡೊಂದು ಎಲ್ಲಿದೆ ಎಂಬುದನ್ನು ಗಾಳಿಗೆ ತೂಗಾಡುವ ಹಗ್ಗಕ್ಕೆ ಕಟ್ಟಿದ ಅಳತೆಕೋಲಿನಿಂದ ಅಳೆದಂತೆ ಇದು, ಎಂಬ ಅರ್ಥದ ಮಾತನ್ನು ಅವರು ಆಡಿದ್ದರು. ಆ ವಿನಯ ಅವರ ಪದ್ಧತಿಯನ್ನು ಬಳಸುವ ನಮ್ಮಲ್ಲಿ ಅಷ್ಟಾಗಿ ಉಳಿದಿಲ್ಲ.

ಎಲೊಗಿಂತ ಮೊದಲೂ ಪದ್ಧತಿಗಳಿದ್ದವು. ಒಂದು ಪದ್ಧತಿಯಿಂದ ಇನ್ನೊಂದಕ್ಕೆ ದಾಟುವ ಸೂತ್ರ ಹೇಗೆ ಹುಟ್ಟುತ್ತದೆ ಎಂಬುದನ್ನು ಅವುಗಳಲ್ಲಿ ಬಿಡಿಸಿ ನೋಡಬಹುದು. ಜರ್ಮನಿಯಲ್ಲಿ ಆಂಟನ್ ಹೋಸ್ಲಿಂಗರ್ 1948ರಲ್ಲಿ ತಮ್ಮ ಊರಾದ ಇಂಗೋಲ್‌ಸ್ಟಾಟ್‌ನ ಹೆಸರಿನಲ್ಲಿ ‘ಇಂಗೊ’ ಪದ್ಧತಿ ತಂದರು. ಅಲ್ಲಿ ಸಂಖ್ಯೆ ಚಿಕ್ಕದಾದಷ್ಟೂ ಆಟಗಾರ ದೊಡ್ಡವನು. ಇಂಗ್ಲೆಂಡಿನಲ್ಲಿ ಹಿರಿಯ ಸರ್ಕಾರಿ ಅಧಿಕಾರಿ ರಿಚರ್ಡ್ ಕ್ಲಾರ್ಕ್ ರೂಪಿಸಿದ ‘ಗ್ರೇಡಿಂಗ್’ 1950ರ ದಶಕದಲ್ಲಿ ಆರಂಭವಾಗಿ 2020ರವರೆಗೂ ನಡೆಯಿತು. ಅದರ ಲೆಕ್ಕವನ್ನು ಶಾಲೆಯ ಹುಡುಗ ಕೂಡ ಬೆರಳೆಣಿಸಿ ಮಾಡಬಹುದು. ಗೆದ್ದರೆ ಎದುರಾಳಿಯ ಗ್ರೇಡಿಗೆ 50 ಸೇರಿಸು, ಸೋತರೆ 50 ಕಳೆ, ಡ್ರಾ ಆದರೆ ಎದುರಾಳಿಯ ಗ್ರೇಡನ್ನೇ ಬರೆದುಕೊ. ಋತುವಿನ ಕೊನೆಗೆ ಎಲ್ಲದರ ಸರಾಸರಿಯೇ ನಿನ್ನ ಹೊಸ ಗ್ರೇಡ್.

ಇದರ ಗಣಿತವನ್ನು ಸ್ವಲ್ಪ ಹತ್ತಿರದಿಂದ ನೋಡೋಣ. ಎದುರಾಳಿಗಳಿಗಿಂತ 10 ಗ್ರೇಡ್ ಹೆಚ್ಚಿರುವವನು ಅಲ್ಲೇ ನಿಲ್ಲಬೇಕಾದರೆ ಶೇ 60 ಅಂಕ ಗಳಿಸಬೇಕು, 25 ಹೆಚ್ಚಿದ್ದರೆ ಶೇ 75, 40 ಹೆಚ್ಚಿದ್ದರೆ ಶೇ 90. ಗ್ರೇಡಿನ ಒಂದು ಅಂಕಕ್ಕೆ ನೂರಕ್ಕೆ ಒಂದು. ಗೆರೆ ನೇರವಾಗಿದೆ. ಎಲೊ ಗೆರೆ ನೇರವಲ್ಲ, ತುದಿಗೆ ಹೋದಂತೆ ಬಾಗುತ್ತದೆ. ಶೇ 60ಕ್ಕೆ ಎಲೊದಲ್ಲಿ ಬೇಕಾಗುವುದು 70 ಪಾಯಿಂಟ್ ವ್ಯತ್ಯಾಸ, ಅಂದರೆ ಗ್ರೇಡಿನ ಏಳು ಪಟ್ಟು. ಶೇ 75ಕ್ಕೆ ಬೇಕಾಗುವುದು ಸುಮಾರು 190, ಏಳೂವರೆ ಪಟ್ಟಿಗಿಂತ ತುಸು ಹೆಚ್ಚು. ಶೇ 90ಕ್ಕೆ ಬೇಕಾಗುವುದು 380, ಒಂಬತ್ತೂವರೆ ಪಟ್ಟು. ಹಾಗಾದರೆ ಗ್ರೇಡನ್ನು ಎಲೊಗೆ ತಿರುಗಿಸಲು ಯಾವುದರಿಂದ ಗುಣಿಸಬೇಕು? ಸರಿಯಾದ ಒಂದೇ ಉತ್ತರ ಇಲ್ಲ. ಸಮಬಲರ ಜೊತೆ ಆಡುವವನಿಗೆ ಏಳು ಸರಿ, ದುರ್ಬಲರನ್ನು ಸೋಲಿಸುತ್ತ ಕೂರುವವನಿಗೆ ಒಂಬತ್ತು ಸರಿ. ಇಂಗ್ಲಿಷರು ಬಹುಕಾಲ ಎಂಟರಿಂದ ಗುಣಿಸಿ 600 ಸೇರಿಸುತ್ತಿದ್ದರು. 2020ರಲ್ಲಿ ಹಳೆಯ ಪದ್ಧತಿಯನ್ನು ಬಿಟ್ಟು ಎಲೊ ಮಾದರಿಗೆ ದಾಟಿದಾಗ ಏಳೂವರೆಯಿಂದ ಗುಣಿಸಿ 700 ಸೇರಿಸಿದರು. 200 ಗ್ರೇಡಿನವನಿಗೆ ಎರಡೂ ಸೂತ್ರಗಳಲ್ಲಿ 2200 ಬರುತ್ತದೆ. 100 ಗ್ರೇಡಿನವನಿಗೆ ಹಳೆಯದರಲ್ಲಿ 1400, ಹೊಸದರಲ್ಲಿ 1450. ಅವನ ಆಟ ಅಷ್ಟೇ ಇದೆ, ಐವತ್ತು ಪಾಯಿಂಟ್ ಬಂದದ್ದು ಸೂತ್ರದಿಂದ. ಇಂಗೊವನ್ನು ಎಲೊ ಮಾದರಿಗೆ ತರುವ ಜರ್ಮನ್ ಸೂತ್ರ 2840ರಿಂದ ಇಂಗೊ ಸಂಖ್ಯೆಯ ಎಂಟು ಪಟ್ಟನ್ನು ಕಳೆಯುತ್ತಿತ್ತು. ಅಲ್ಲಿಯೂ ಅದೇ ಎಂಟು, ಏಕೆಂದರೆ ಇಂಗೊ ಲೆಕ್ಕವೂ ನೇರ ಗೆರೆಯದೇ.

ಇವು ಪ್ರಾಮಾಣಿಕ ಸೂತ್ರಗಳು ಎಂಬುದನ್ನು ಮರೆಯಬಾರದು. ಅವನ್ನು ಮಾಡಿದ ಫೆಡರೇಷನ್‌ಗಳ ಕೈಯಲ್ಲಿ ಎರಡೂ ರೇಟಿಂಗ್ ಇರುವ ಸಾವಿರಾರು ಆಟಗಾರರ ಫಲಿತಾಂಶಗಳಿದ್ದವು. ಅವರೆಲ್ಲ ಅದೇ ಕ್ಲಬ್ಬುಗಳಲ್ಲಿ ಅದೇ ಗಡಿಯಾರ ಒತ್ತಿ ಆಡಿದವರು. ಅಷ್ಟು ಅನುಕೂಲ ಇದ್ದಾಗಲೂ ಪಟ್ಟಿಯ ಕೆಳತುದಿಯಲ್ಲಿ ಐವತ್ತು ಪಾಯಿಂಟಿನ ಏರುಪೇರು ತಪ್ಪಲಿಲ್ಲ.

ಬಳಗಗಳ ನಡುವೆ ಆಟವೇ ನಡೆಯದಿದ್ದರೆ ಏನಾಗುತ್ತದೆ ಎಂಬುದಕ್ಕೆ ಅತಿ ವಿಚಿತ್ರವಾದ ಉದಾಹರಣೆ ಅಮೆರಿಕದ ಜೈಲೊಂದರದು. ಕೊಲೆ ಅಪರಾಧಕ್ಕೆ ವರ್ಜೀನಿಯಾದಲ್ಲಿ ಶಿಕ್ಷೆ ಅನುಭವಿಸುತ್ತಿದ್ದ ಕ್ಲಾಡ್ ಬ್ಲಡ್‌ಗುಡ್ ಸಹಕೈದಿಗಳ ಜೊತೆ ಸಾವಿರಾರು ರೇಟಿಂಗ್ ಆಟಗಳನ್ನು ಆಡಿದ. 1990ರ ದಶಕದ ನಡುವೆ ಅವನ ಅಮೆರಿಕನ್ ರೇಟಿಂಗ್ 2700 ದಾಟಿ, ಪಟ್ಟಿಯಲ್ಲಿ ಅವನು ದೇಶಕ್ಕೇ ಎರಡನೆಯವನಾದ. ಹೊರಗಿನ ಮಾಸ್ಟರ್‌ಗಳ ಎದುರು ಅವನು ಕೂತಿದ್ದರೆ ಆ ಸಂಖ್ಯೆ ಉಳಿಯುತ್ತಿರಲಿಲ್ಲ. ಆದರೆ ಕೂರುವ ಅವಕಾಶವೇ ಇರಲಿಲ್ಲ. ಅದೇ ದಶಕದ ಕೊನೆಯಲ್ಲಿ, ಬಹುಪಾಲು ತಮ್ಮ ದೇಶದೊಳಗೇ ಆಡುತ್ತಿದ್ದ ಮ್ಯಾನ್ಮಾರ್‌ನ ಕೆಲವು ಆಟಗಾರರು ಫಿಡೆ ಪಟ್ಟಿಯಲ್ಲಿ ವಿಶ್ವದ ಶ್ರೇಷ್ಠರ ಸಾಲಿಗೆ ಏರಿದ್ದರು. ಎರಡೂ ಕಡೆ ಗುಣಾಕಾರ ಭಾಗಾಕಾರ ಸರಿಯಾಗಿಯೇ ಇತ್ತು. ಹೊರಗಿನವರ ಜೊತೆ ಸಂಪರ್ಕ ಮಾತ್ರ ಇರಲಿಲ್ಲ.

ಇದೇ ತರ್ಕ ಒಮ್ಮೆ ಒಬ್ಬ ಹುಡುಗಿಯ ವಿರುದ್ಧವೂ ಬಳಕೆಯಾಯಿತು. ಮಹಿಳೆಯರು ಹೆಚ್ಚಾಗಿ ಮಹಿಳೆಯರ ಟೂರ್ನಿಗಳಲ್ಲೇ ಆಡುವುದರಿಂದ ಅವರ ರೇಟಿಂಗ್ ಪುರುಷರ ರೇಟಿಂಗ್‌ಗೆ ಹೊಂದುತ್ತಿಲ್ಲ, ಸುಮಾರು ನೂರು ಪಾಯಿಂಟ್ ಕಡಿಮೆ ಇದೆ ಎಂದು ಫಿಡೆ ತೀರ್ಮಾನಿಸಿತು. 1987ರ ಜನವರಿ ಪಟ್ಟಿಯಲ್ಲಿ ಮಹಿಳಾ ಆಟಗಾರರಿಗೆ ನೂರು ಪಾಯಿಂಟ್ ಸೇರಿಸಿತು. ಹಂಗೆರಿಯ ಸೂಸನ್ ಪೋಲ್ಗರ್ ಅವರನ್ನು ಮಾತ್ರ ಹೊರಗಿಟ್ಟಿತು. ಅವರು ಆಡುತ್ತಿದ್ದುದು ಹೆಚ್ಚಾಗಿ ಪುರುಷರ ಜೊತೆ, ಆದ್ದರಿಂದ ಅವರ ರೇಟಿಂಗ್ ಈಗಾಗಲೇ ಸರಿಯಾಗಿದೆ ಎಂಬುದು ಕೊಟ್ಟ ಕಾರಣ. ಹದಿನೇಳು ವರ್ಷದ ಪೋಲ್ಗರ್ ಒಂದೂ ಆಟ ಸೋಲದೆ ಮಹಿಳೆಯರ ಅಗ್ರಸ್ಥಾನ ಕಳೆದುಕೊಂಡರು. ಎರಡು ಬಳಗಗಳಿವೆ, ಅವುಗಳ ನಡುವೆ ಅಂತರ ಇರಬಹುದು ಎಂಬ ಗಮನಿಕೆ ಸರಿ. ಆದರೆ ಎಲ್ಲರಿಗೂ ಒಂದೇ ನೂರು ಎಂದು ಹೇಳುವ ಕ್ಷಣದಲ್ಲೇ ಅನ್ಯಾಯ ನಡೆಯಿತು. ಪೋಲ್ಗರ್ ಅವರ ಹಾಗೆ ಪುರುಷರ ಜೊತೆ ಸಾಕಷ್ಟು ಆಡಿದ್ದ ಬೇರೆ ಮಹಿಳೆಯರೂ ಇದ್ದರು, ಅವರಿಗೂ ನೂರು ಸಿಕ್ಕಿತು. ಸರಾಸರಿಗೆ ಸರಿಹೊಂದುವ ಸೂತ್ರ ವ್ಯಕ್ತಿಗೆ ಹೊಂದದೆ ಹೋಗುವುದು ಹೀಗೆ.

ಆನ್‌ಲೈನ್ ಚೆಸ್ ಬಂದ ಮೇಲೆ ಬಳಗಗಳ ಸಂಖ್ಯೆ ಬೆಳೆಯಿತು. ಇಲ್ಲಿ ಬಳಕೆಯಲ್ಲಿರುವುದು ಎಲೊ ಲೆಕ್ಕದ ಸುಧಾರಿತ ರೂಪ. ಅಮೆರಿಕದ ಸಂಖ್ಯಾಶಾಸ್ತ್ರಜ್ಞ ಮಾರ್ಕ್ ಗ್ಲಿಕ್‌ಮನ್ 1990ರ ದಶಕದಲ್ಲಿ ರೂಪಿಸಿದ ಗ್ಲಿಕೊ ಪದ್ಧತಿ ಪ್ರತಿ ರೇಟಿಂಗ್‌ನ ಜೊತೆ ಇನ್ನೊಂದು ಸಂಖ್ಯೆಯನ್ನು ಇಡುತ್ತದೆ: ಈ ರೇಟಿಂಗ್‌ ಬಗ್ಗೆ ನಮಗೆಷ್ಟು ಅನಿಶ್ಚಯ ಇದೆ ಎಂಬುದು. ಹೊಸಬನಿಗೆ ಆ ಸಂಖ್ಯೆ 350ರಿಂದ ಶುರು, ಆಡುತ್ತ ಹೋದಂತೆ ಇಳಿಯುತ್ತದೆ, ಆಡದೆ ಕೂತರೆ ಮತ್ತೆ ಏರುತ್ತದೆ. ರೇಟಿಂಗ್ 1500, ಅನಿಶ್ಚಯ 50 ಇದ್ದರೆ, ಅವನ ನಿಜವಾದ ಜಾಗ 1400ರಿಂದ 1600ರೊಳಗೆ ಇದೆ ಎಂದು ಸಾಕಷ್ಟು ಧೈರ್ಯವಾಗಿ ಹೇಳಬಹುದು. ಚೆಸ್.ಕಾಮ್ ಗ್ಲಿಕೊ ಬಳಸುತ್ತದೆ, ಲಿಚೆಸ್ ಅದರ ಮುಂದಿನ ರೂಪವಾದ ಗ್ಲಿಕೊ-2 ಬಳಸುತ್ತದೆ. ಅನಿಶ್ಚಯ ಹೆಚ್ಚಿರುವಾಗ ಲಿಚೆಸ್ ರೇಟಿಂಗ್‌ನ ಮುಂದೆ ಪ್ರಶ್ನಾರ್ಥಕ ಚಿಹ್ನೆ ಹಾಕುತ್ತದೆ. ಎಲ್ಲ ಪಟ್ಟಿಗಳಲ್ಲೂ ಅದು ಇರಬೇಕಿತ್ತು ಎಂದು ನನಗನ್ನಿಸುತ್ತದೆ.

ಎರಡೂ ತಾಣಗಳ ಗಣಿತ ಅಕ್ಕಪಕ್ಕದ್ದೇ. ಹಾಗಿದ್ದೂ ಒಬ್ಬನೇ ಆಟಗಾರನಿಗೆ ಅಲ್ಲೊಂದು, ಇಲ್ಲೊಂದು ಸಂಖ್ಯೆ ಬರುವುದಕ್ಕೆ ಕಾರಣ ಶುರುವಿನ ಗುರುತು ಬೇರೆ, ಬಂದವರೂ ಬೇರೆ. ಲಿಚೆಸ್‌ನಲ್ಲಿ ಹೊಸಬರೆಲ್ಲ 1500ರಿಂದ ಆರಂಭಿಸುತ್ತಾರೆ, ಹಾಗಾಗಿ ಬಳಗದ ನಡುಭಾಗ ಅದರ ಸುತ್ತಲೇ ನಿಲ್ಲುತ್ತದೆ. ಚೆಸ್.ಕಾಮ್‌ನಲ್ಲಿ ಖಾತೆ ತೆರೆಯುವಾಗ ‘ನೀವು ಹೊಸಬರೇ, ಪಳಗಿದವರೇ’ ಎಂದು ಕೇಳಿ ಅದಕ್ಕೆ ತಕ್ಕಂತೆ ಬೇರೆ ಬೇರೆ ಆರಂಭ ಕೊಡುತ್ತಾರೆ. ಕಾಯಿ ನಡೆಸಲು ಈಗಷ್ಟೇ ಕಲಿತ ಲಕ್ಷಾಂತರ ಜನ ಅಲ್ಲಿರುವುದರಿಂದ ನಡುಭಾಗ ಸಾವಿರಕ್ಕಿಂತ ಎಷ್ಟೋ ಕೆಳಗಿದೆ. ಆದ್ದರಿಂದ ಲಿಚೆಸ್‌ನಲ್ಲಿ 1500 ಇರುವವನು ತನ್ನ ಬಳಗದ ನಡುವಿನವನು. ಚೆಸ್.ಕಾಮ್ ರ‍್ಯಾಪಿಡ್‌ನಲ್ಲಿ 1500 ಇರುವವನು ಅಲ್ಲಿನ ನೂರರಲ್ಲಿ ತೊಂಬತ್ತಕ್ಕೂ ಹೆಚ್ಚು ಜನರಿಗಿಂತ ಮುಂದಿದ್ದಾನೆ. ಫಿಡೆಯಲ್ಲಿ 1500 ಇರುವವನು ಪಟ್ಟಿಯ ಕೆಳತುದಿಗೆ ಹತ್ತಿರ, ಏಕೆಂದರೆ 1400ಕ್ಕಿಂತ ಕೆಳಗೆ ಆ ಪಟ್ಟಿಯೇ ಇಲ್ಲ. ಲಿಚೆಸ್ ಮತ್ತು ಚೆಸ್.ಕಾಮ್ ನಡುವಿನ ಅಂತರ ಕೆಳಮಟ್ಟದಲ್ಲಿ ದೊಡ್ಡದು, ಮೇಲೆ ಹೋದಂತೆ ಕಿರಿದಾಗುತ್ತದೆ. ‘ಇಷ್ಟು ಕಳೆಯಿರಿ’ ಎಂಬ ಒಂದೇ ಸಂಖ್ಯೆಯ ಸೂತ್ರ ಇಲ್ಲಿಯೇ ಮುರಿದುಬೀಳುತ್ತದೆ.

ಪಜಲ್ ಬಿಡಿಸಿ ಬರುವ ರೇಟಿಂಗ್ ಇನ್ನೂ ದೂರದ ಮಾತು. ಅಲ್ಲಿ ಎದುರಾಳಿ ಮನುಷ್ಯನೇ ಅಲ್ಲ, ಸಮಸ್ಯೆ. ಈ ಸ್ಥಾನದಲ್ಲಿ ಒಂದು ಒಳ್ಳೆಯ ನಡೆ ಅಡಗಿದೆ ಎಂಬ ಸುಳಿವು ಮೊದಲೇ ಸಿಕ್ಕಿರುತ್ತದೆ, ನಿಜವಾದ ಆಟದಲ್ಲಿ ಅದನ್ನು ಯಾರೂ ಹೇಳುವುದಿಲ್ಲ. ಪಜಲ್‌ನಲ್ಲಿ 2200 ಬಂತೆಂದು ಫಿಡೆ 2200ರ ಕನಸು ಕಾಣುವ ಮಕ್ಕಳಿಗೆ ಇದನ್ನು ಪ್ರೀತಿಯಿಂದ ಬಿಡಿಸಿ ಹೇಳಬೇಕು. ಎಂಜಿನ್‌ಗಳ, ಅಂದರೆ ಚೆಸ್ ಆಡುವ ಕಂಪ್ಯೂಟರ್ ಪ್ರೋಗ್ರಾಂಗಳ, ಸಂಖ್ಯೆಯೂ ಹೀಗೆಯೇ. ಸ್ಟಾಕ್‌ಫಿಶ್‌ಗೆ 3600ರ ಆಸುಪಾಸು ಕೊಡುವ ಪಟ್ಟಿಗಳು ಎಂಜಿನ್‌ಗಳು ಎಂಜಿನ್‌ಗಳ ಜೊತೆ ಆಡಿದ ಲೆಕ್ಕ. ಮನುಷ್ಯರ ಪಟ್ಟಿಗೂ ಅದಕ್ಕೂ ನಡುವೆ ಈಗ ಆಟವೇ ಇಲ್ಲವೆನ್ನುವಷ್ಟು ಕಡಿಮೆ.

ಆದರೂ ಆನ್‌ಲೈನ್ ಮತ್ತು ಫಿಡೆ ಎರಡೂ ರೇಟಿಂಗ್ ಇರುವವರು ಸಾಕಷ್ಟಿದ್ದಾರಲ್ಲ, ಅವರನ್ನು ಕೇಳಿ ಪಟ್ಟಿ ಮಾಡಿದರೆ ಸಾಲದೇ? ಅಂಥ ಪಟ್ಟಿಗಳು ಹಲವು ಬಂದಿವೆ. ಅವುಗಳಲ್ಲಿ ಮೂರು ತೊಡಕುಗಳಿವೆ. ಮೂರನೆಯದು ಬಹಳ ಜನರ ಗಮನಕ್ಕೇ ಬರುವುದಿಲ್ಲ.

ಮೊದಲನೆಯದು, ಯಾರು ಉತ್ತರಿಸುತ್ತಾರೆ ಎಂಬುದು. ಎರಡೂ ಕಡೆ ರೇಟಿಂಗ್ ಇರುವವನು ಸಾಮಾನ್ಯವಾಗಿ ಟೂರ್ನಿಗಳಿಗೆ ಹೋಗಿ ಬರುವ, ಆಟವನ್ನು ಗಂಭೀರವಾಗಿ ಹಿಡಿದ ವ್ಯಕ್ತಿ. ಅವನ ಅಂಕಿಗಳಿಂದ ಮಾಡಿದ ಸೂತ್ರವನ್ನು ಮೊಬೈಲ್‌ನಲ್ಲಿ ಮಾತ್ರ ಆಡುವವನಿಗೆ ಅನ್ವಯಿಸಿದರೆ ಹೊಂದುವುದಿಲ್ಲ. ಎರಡನೆಯದು, ಆಟವೇ ಬೇರೆ. ಮೂರು ನಿಮಿಷದ ಬ್ಲಿಟ್ಜ್‌ನಲ್ಲಿ ಬೆರಳಿನ ಚುರುಕು ಕೆಲಸ ಮಾಡುತ್ತದೆ. ತೊಂಬತ್ತು ನಿಮಿಷ, ಜೊತೆಗೆ ಪ್ರತಿ ನಡೆಗೆ ಮೂವತ್ತು ಸೆಕೆಂಡ್ ಸಿಗುವ ಟೂರ್ನಿಯಲ್ಲಿ ನಾಲ್ಕನೇ ಗಂಟೆಯಲ್ಲಿ ರೂಕ್ ಎಂಡ್‌ಗೇಮ್ ಹಿಡಿದು ಕೂರುವ ತಾಳ್ಮೆ ಬೇಕು. ಫಿಡೆಯೇ 2012ರಿಂದ ಕ್ಲಾಸಿಕಲ್, ರ‍್ಯಾಪಿಡ್, ಬ್ಲಿಟ್ಜ್ ರೇಟಿಂಗ್‌ಗಳನ್ನು ಬೇರೆ ಬೇರೆ ಇಟ್ಟಿದೆ. ಆನ್‌ಲೈನ್‌ನಲ್ಲಿ ಮೋಸದಾಟದ ಸಮಸ್ಯೆಯೂ ಇದೆ, ಅದು ಕೆಲವರ ರೇಟಿಂಗ್ ಏರಿಸಿ ಪ್ರಾಮಾಣಿಕರದನ್ನು ಇಳಿಸುತ್ತದೆ.

ಮೂರನೆಯದಕ್ಕೆ ಒಂದು ಕಲ್ಪಿತ ಲೆಕ್ಕ ತೆಗೆದುಕೊಳ್ಳೋಣ. ಎರಡೂ ರೇಟಿಂಗ್ ಇರುವ ಬಳಗವೊಂದರಲ್ಲಿ ಲಿಚೆಸ್ ಸರಾಸರಿ 1950, ಫಿಡೆ ಸರಾಸರಿ 1750 ಇದೆ ಎನ್ನಿ. ಲಿಚೆಸ್ 2300 ಇರುವವರನ್ನು ಆರಿಸಿ ಅವರ ಫಿಡೆ ಸರಾಸರಿ ತೆಗೆದರೆ 2050 ಬಂತು. ‘2300 ಎಂದರೆ 2050’ ಎಂದು ಪಟ್ಟಿಯಲ್ಲಿ ಬರೆದುಕೊಂಡೆವು. ಈಗ ಅದೇ ಬಳಗದಲ್ಲಿ ಫಿಡೆ 2050 ಇರುವವರನ್ನು ಆರಿಸಿ ಅವರ ಲಿಚೆಸ್ ಸರಾಸರಿ ನೋಡಿದರೆ 2300 ಬರುವುದಿಲ್ಲ, 2200ರ ಆಸುಪಾಸು ಬರುತ್ತದೆ. ಎರಡೂ ಉತ್ತರ ಸರಿಯೇ. ತುದಿಯಲ್ಲಿರುವವರನ್ನು ಆರಿಸಿದಾಗ ಅದರಲ್ಲಿ ಸ್ವಲ್ಪ ಅದೃಷ್ಟವೂ ಸೇರಿರುತ್ತದೆ, ಇನ್ನೊಂದು ಅಳತೆಯಲ್ಲಿ ಆ ಅದೃಷ್ಟ ಜೊತೆಗೆ ಬರುವುದಿಲ್ಲ, ಅವರು ಸರಾಸರಿಯ ಕಡೆಗೆ ಜಾರುತ್ತಾರೆ. ತಂದೆತಾಯಿ ಮತ್ತು ಮಕ್ಕಳ ಎತ್ತರ ಅಳೆದು ಫ್ರಾನ್ಸಿಸ್ ಗಾಲ್ಟನ್ 1880ರ ದಶಕದಲ್ಲಿ ತೋರಿಸಿದ್ದು ಇದನ್ನೇ. ಹಾಗಾಗಿ ಪರಿವರ್ತನೆಯ ಪಟ್ಟಿಯನ್ನು ಎಡದಿಂದ ಬಲಕ್ಕೆ ಓದಿದಂತೆ ಬಲದಿಂದ ಎಡಕ್ಕೆ ಓದುವಂತಿಲ್ಲ. ಸಿಗುವ ಪಟ್ಟಿಗಳು ಈ ಎಚ್ಚರಿಕೆಯನ್ನು ಕೊಡುವುದು ಅಪರೂಪ. ಸರಾಸರಿಯ ಸುತ್ತ ಚದುರಿದವರು ಎಷ್ಟು ಎಂಬುದನ್ನೂ ಅವು ಹೇಳುವುದಿಲ್ಲ. 2050 ಎಂಬ ಒಂದು ಸಂಖ್ಯೆಯ ಹಿಂದೆ 1850ರವನೂ 2200ರವನೂ ಇರಬಹುದು.

ಅಮೆರಿಕದಲ್ಲಿ ನೆಲೆಸಿದ ಕನ್ನಡಿಗರ ಮನೆಗಳಲ್ಲಿ ಪ್ರಶ್ನೆಯ ರೂಪ ಬೇರೆ. ಅಲ್ಲಿನ ಶಾಲಾ ಟೂರ್ನಿಗಳಲ್ಲಿ ಮಗುವಿನ ರೇಟಿಂಗ್ ನೂರರಿಂದಲೂ ಶುರುವಾಗಬಹುದು. ಅಮೆರಿಕನ್ ಪದ್ಧತಿಯಲ್ಲಿ ನಿರೀಕ್ಷೆ ಮೀರಿ ಚೆನ್ನಾಗಿ ಆಡಿದವರಿಗೆ ಬೋನಸ್ ಇದೆ. ಒಮ್ಮೆ ಏರಿದ ಎತ್ತರದಿಂದ ಇನ್ನೂರು ಕಳೆದು ನೂರಕ್ಕೆ ಇಳಿಸಿದ ಮಟ್ಟಕ್ಕಿಂತ ಕೆಳಗೆ ಬೀಳದಂತೆ ತಡೆಯೂ ಇದೆ. 1941 ಮುಟ್ಟಿದವನು 1700ರ ಕೆಳಗೆ ಇಳಿಯಲಾರ. ಫಿಡೆಯಲ್ಲಿ ಇವೆರಡೂ ಇಲ್ಲ. ಪಳಗಿದ ವಯಸ್ಕರಿಗೆ ಅಮೆರಿಕನ್ ಸಂಖ್ಯೆ ಫಿಡೆಗಿಂತ ಐವತ್ತು ನೂರು ಹೆಚ್ಚು ಎಂಬ ವಾಡಿಕೆಯ ಅಂದಾಜು ಬಹುಕಾಲ ಕೆಲಸಕ್ಕೆ ಬರುತ್ತಿತ್ತು. ಮಕ್ಕಳಿಗೆ ಅದು ಎಂದೂ ಸರಿಯಾಗಿ ಹೊಂದಲಿಲ್ಲ.

ನಮಗೆ ಹೆಚ್ಚು ಹತ್ತಿರದ ಸಮಸ್ಯೆ ಒಂದೇ ಪದ್ಧತಿಯ ಒಳಗಿನದು. ಫಿಡೆ 1700 ಇರುವ ಬೆಂಗಳೂರಿನ ಹನ್ನೆರಡರ ಹುಡುಗನೂ ಫಿಡೆ 1700 ಇರುವ ಜರ್ಮನಿಯ ಐವತ್ತರ ಗುಮಾಸ್ತನೂ ಕಾಗದದ ಮೇಲೆ ಸಮಬಲರು. ಯುರೋಪಿನ ಓಪನ್ ಟೂರ್ನಿಗಳಲ್ಲಿ ಆಡುವವರನ್ನು ಕೇಳಿದರೆ, ಕಡಿಮೆ ರೇಟಿಂಗ್‌ನ ಭಾರತೀಯ ಮಕ್ಕಳೊಂದಿಗೆ ಪೇರಿಂಗ್ ಬಂದರೆ ಭಯ ಎನ್ನುತ್ತಾರೆ. ಇದಕ್ಕೆ ಲೆಕ್ಕದಲ್ಲೇ ಕಾರಣವಿದೆ. ರೇಟಿಂಗ್ 1500, ನಿಜವಾದ ಬಲ 1800 ಇರುವ ಹುಡುಗನೊಬ್ಬ 1500 ಬಲದ ಎದುರಾಳಿಗಳ ಜೊತೆ ಒಂಬತ್ತು ಸುತ್ತು ಆಡಿದ ಎನ್ನೋಣ. ಪದ್ಧತಿ ನಿರೀಕ್ಷಿಸುವುದು ನಾಲ್ಕೂವರೆ ಅಂಕ, ಅವನು ಗಳಿಸುವುದು ಏಳೂವರೆಗಿಂತ ತುಸು ಹೆಚ್ಚು. ಹದಿನೆಂಟರ ಒಳಗಿನವರಿಗೆ, ರೇಟಿಂಗ್ 2300 ದಾಟುವವರೆಗೆ, ಹೆಚ್ಚುವರಿ ಪ್ರತಿ ಅಂಕವನ್ನು 40ರಿಂದ ಗುಣಿಸುತ್ತಾರೆ. ಅವನಿಗೆ ಸುಮಾರು 125 ಪಾಯಿಂಟ್ ಸಿಗುತ್ತದೆ. ಎರಡು ಮೂರು ಟೂರ್ನಿಗಳಲ್ಲಿ ಸಂಖ್ಯೆ ಬಲದ ಹತ್ತಿರಕ್ಕೆ ಬಂದೀತು.

ಆದರೆ ಎದುರಾಳಿಗಳೂ ಅವನಂಥ ಮಕ್ಕಳೇ ಆಗಿದ್ದರೆ? ಎಲ್ಲರ ರೇಟಿಂಗ್ 1500, ಎಲ್ಲರ ಬಲ 1800. ಎಲ್ಲರಿಗೂ ಸರಾಸರಿ ನಾಲ್ಕೂವರೆ ಅಂಕ ಬರುತ್ತದೆ, ನಿರೀಕ್ಷೆಯೂ ಅಷ್ಟೇ. ಒಬ್ಬನ ಲಾಭ ಇನ್ನೊಬ್ಬನ ನಷ್ಟ. ಟೂರ್ನಿ ಮುಗಿದಾಗ ಆ ಹಾಲ್‌ನಲ್ಲಿದ್ದ ಒಟ್ಟು ಪಾಯಿಂಟ್ ಒಂದಿಷ್ಟೂ ಏರಿರುವುದಿಲ್ಲ. ಇಡೀ ಬಳಗ ಒಟ್ಟಿಗೆ ಬಲಿತರೆ ಅದು ರೇಟಿಂಗ್‌ಗೆ ಕಾಣುವುದೇ ಇಲ್ಲ. ಭಾರತದಲ್ಲಿ ಫಿಡೆ ರೇಟಿಂಗ್ ಇರುವವರು ಹತ್ತಾರು ಸಾವಿರ, ಅವರಲ್ಲಿ ಮಕ್ಕಳ ಪಾಲು ದೊಡ್ಡದು, ಬಹುಪಾಲು ಅವರವರಲ್ಲೇ ಆಡುತ್ತಾರೆ. ಮೈಸೂರು, ಮಂಗಳೂರು, ಶಿವಮೊಗ್ಗ, ಚೆನ್ನೈ, ಹೈದರಾಬಾದ್ ಎಂದು ತಿರುಗಿದರೂ ಬಳಗ ಅದೇ. ಹೊರದೇಶಕ್ಕೆ ಹೋಗಿ ಆಡಲು ಹಣ ಇರುವ ಕುಟುಂಬದ ಮಗು ಅಲ್ಲಿ ಬೇಗ ಪಾಯಿಂಟ್ ಗಳಿಸುತ್ತದೆ, ಅಷ್ಟೇ ಬಲದ ಇನ್ನೊಂದು ಮಗು ಇಲ್ಲೇ ಉಳಿದು ಹಿಂದೆ ಬೀಳುತ್ತದೆ. ಗ್ರ್ಯಾಂಡ್‌ಮಾಸ್ಟರ್ ಪಟ್ಟಕ್ಕೆ ಮೂರು ನಾರ್ಮ್‌ಗಳ ಜೊತೆ 2500 ರೇಟಿಂಗ್ ಮುಟ್ಟಲೇಬೇಕು. ಕರ್ನಾಟಕಕ್ಕೆ ಮೊದಲ ಗ್ರ್ಯಾಂಡ್‌ಮಾಸ್ಟರ್ ಆಗಿ ಮೈಸೂರಿನ ಎಂ.ಎಸ್. ತೇಜ್‌ಕುಮಾರ್ ಸಿಕ್ಕಿದ್ದು 2017ರಲ್ಲಿ. ವಿಶ್ವನಾಥನ್ ಆನಂದ್ ಆ ಪಟ್ಟ ಪಡೆದು ಅಷ್ಟರಲ್ಲಿ ಸುಮಾರು ಮೂರು ದಶಕ ಕಳೆದಿತ್ತು. ವಿಳಂಬಕ್ಕೆ ಕಾರಣ ಹಲವು. ಆದರೆ ಪಾಯಿಂಟ್‌ಗಳು ಎಲ್ಲಿ ಸಿಗುತ್ತವೆ, ಎಲ್ಲಿ ಸಿಗುವುದಿಲ್ಲ ಎಂಬ ಪ್ರಶ್ನೆಯನ್ನು ಯಾವ ರಾಜ್ಯದ ಚೆಸ್ ಸಂಸ್ಥೆಯೂ ಹಗುರವಾಗಿ ನೋಡಬಾರದು.

ಪಟ್ಟಿಯ ಕೆಳಭಾಗ ಕುಸಿದಿದೆ ಎಂಬುದನ್ನು ಸಂಖ್ಯಾಶಾಸ್ತ್ರಜ್ಞ ಜೆಫ್ ಸೋನಾಸ್ ವಿವರವಾಗಿ ತೋರಿಸಿದ ಮೇಲೆ ಫಿಡೆ 2024ರ ಮಾರ್ಚ್ 1ರಂದು ದೊಡ್ಡ ತಿದ್ದುಪಡಿ ತಂದಿತು. 2000ಕ್ಕಿಂತ ಕೆಳಗಿರುವ ಎಲ್ಲರಿಗೂ, 2000ಕ್ಕೆ ಎಷ್ಟು ಕೊರತೆ ಇದೆಯೋ ಅದರ ಶೇ 40ರಷ್ಟನ್ನು ಸೇರಿಸಲಾಯಿತು. 1800 ಇದ್ದವರು 1880 ಆದರು, 1500 ಇದ್ದವರು 1700, ಸಾವಿರದವರು 1400. ಪಟ್ಟಿಯ ಕೆಳಮಿತಿಯೂ ಸಾವಿರದಿಂದ 1400ಕ್ಕೆ ಏರಿತು. ಕ್ರಮ ಅಗತ್ಯವಾಗಿತ್ತು, ಪೋಲ್ಗರ್ ಪ್ರಕರಣದಂತೆ ಎಲ್ಲರಿಗೂ ಒಂದೇ ಸಂಖ್ಯೆ ಹಂಚದೆ ಕೊರತೆಗೆ ತಕ್ಕಂತೆ ಕೊಟ್ಟದ್ದು ಮೆಚ್ಚಬೇಕಾದ್ದು. ಆದರೆ ಅದು ಜರ್ಮನಿಯ ಗುಮಾಸ್ತನಿಗೂ ಬೆಂಗಳೂರಿನ ಹುಡುಗನಿಗೂ ಸಮನಾಗಿಯೇ ಸಿಕ್ಕಿತು, ಅವರ ನಡುವಿನ ಅಂತರ ಹಾಗೇ ಉಳಿಯಿತು. ‘1600ಕ್ಕಿಂತ ಕೆಳಗಿನವರಿಗೆ’ ಎಂದು ನಡೆಯುತ್ತಿದ್ದ ಟೂರ್ನಿಗಳ ಅರ್ಥವೂ ಒಂದೇ ರಾತ್ರಿಯಲ್ಲಿ ಬದಲಾಯಿತು. ಹಳೆಯ 1600 ಈಗಿನ 1760. ಅದಕ್ಕೂ ಮೊದಲಿನ ಆನ್‌ಲೈನ್–ಫಿಡೆ ಪರಿವರ್ತನೆಯ ಪಟ್ಟಿಗಳು ಆವತ್ತೇ ಹಳತಾದವು. ಅವು ಇನ್ನೂ ಮೊಬೈಲ್‌ನಿಂದ ಮೊಬೈಲ್‌ಗೆ ಓಡಾಡುತ್ತಿರುವುದು ಬೇಸರದ ಸಂಗತಿ.

ಕಾಲದಾಚೆಯ ಹೋಲಿಕೆಗೆ ಹೆಚ್ಚು ಹೊತ್ತು ನಿಲ್ಲಬೇಕಿಲ್ಲ. 1972ರ ಫಿಷರ್ 2785, 1999ರ ಕಾಸ್ಪರೊವ್ 2851, 2014ರ ಕಾರ್ಲ್‌ಸನ್ 2882. ಇವು ಮೂರು ಬೇರೆ ಬಳಗಗಳ ಶಿಖರಗಳು, ಫಿಷರ್ ಮತ್ತು ಕಾರ್ಲ್‌ಸನ್ ನಡುವೆ ಆಟ ನಡೆದಿಲ್ಲ. 1980ರ ಸುಮಾರಿಗೆ 2700 ಮೇಲೆ ಒಬ್ಬಿಬ್ಬರಿದ್ದರು, ಈಗ ಮೂವತ್ತರ ಆಸುಪಾಸು ಇದ್ದಾರೆ. ಹಾಗಾದರೆ ಸಂಖ್ಯೆ ಉಬ್ಬಿದೆಯೇ? ಬಫಲೊ ವಿಶ್ವವಿದ್ಯಾಲಯದ ಕೆನೆತ್ ರೀಗನ್ ಬೇರೆ ದಾರಿ ಹಿಡಿದರು. ಫಲಿತಾಂಶ ಬಿಟ್ಟು, ಆಡಿದ ನಡೆಗಳನ್ನೇ ಎಂಜಿನ್‌ನಿಂದ ಪರೀಕ್ಷಿಸಿ ಅವುಗಳ ಗುಣಮಟ್ಟದಿಂದ ರೇಟಿಂಗ್ ಅಂದಾಜಿಸುವ ವಿಧಾನ ಅವರದು. ದಶಕಗಳುದ್ದಕ್ಕೂ ಒಂದೇ ರೇಟಿಂಗ್‌ನವರ ನಡೆಗಳ ಗುಣಮಟ್ಟದಲ್ಲಿ ಹೇಳಿಕೊಳ್ಳುವಂಥ ಇಳಿತ ಅವರಿಗೆ ಕಾಣಲಿಲ್ಲ. ಮೇಲಿನ ಮಟ್ಟದಲ್ಲಿ ಸಂಖ್ಯೆ ಉಬ್ಬಿಲ್ಲ, ಆಡುವವರು ಹೆಚ್ಚಾಗಿದ್ದಾರೆ ಎಂದೇ ಇದರ ಅರ್ಥ. ಬಳಗಗಳ ನಡುವೆ ಆಟವಿಲ್ಲದಾಗ ಹೋಲಿಸಲು ಈಗ ನಮಗಿರುವ ಅತ್ಯುತ್ತಮ ಸಾಧನ ಈ ದಿಕ್ಕಿನದು. ಭಾರತದ ಮತ್ತು ಯುರೋಪಿನ 1700ಗಳ ನಡೆಗಳನ್ನು ಇದೇ ರೀತಿ ಅಕ್ಕಪಕ್ಕ ಇಟ್ಟು ನೋಡುವ ಕೆಲಸ ದೊಡ್ಡ ಪ್ರಮಾಣದಲ್ಲಿ ನಡೆಯಬೇಕು.

ಇನ್ನು ಮನೆಯ ಪ್ರಶ್ನೆ. ಆನ್‌ಲೈನ್ ಸಂಖ್ಯೆಯಿಂದ ಫಿಡೆ ಸಂಖ್ಯೆ ಊಹಿಸುವುದಕ್ಕಿಂತ, ರೇಟಿಂಗ್ ಇರುವ ಎದುರಾಳಿಗಳ ಜೊತೆ ಐದು ಆಟ ಆಡಿಸುವುದು ಮೇಲು. ಫಿಡೆಗೆ ಬೇಕಾದ್ದೂ ಅಷ್ಟೇ. ಮಗಳು ಸರಾಸರಿ 1550 ರೇಟಿಂಗ್‌ನ ಐವರ ಎದುರು ಎರಡು ಅಂಕ ಗಳಿಸಿದಳು ಎನ್ನಿ. 2024ರ ನಿಯಮದಂತೆ ಇದಕ್ಕೆ 1800 ರೇಟಿಂಗ್‌ನ ಇಬ್ಬರು ಕಾಲ್ಪನಿಕ ಎದುರಾಳಿಗಳ ಜೊತೆ ಎರಡು ಡ್ರಾ ಸೇರಿಸುತ್ತಾರೆ. ಈಗ ಏಳು ಆಟ, ಮೂರು ಅಂಕ, ಎದುರಾಳಿಗಳ ಸರಾಸರಿ 1621. ಏಳರಲ್ಲಿ ಮೂರು ಎಂದರೆ ಶೇ 43, ಫಿಡೆ ಕೋಷ್ಟಕದಲ್ಲಿ ಅದಕ್ಕೆ 50 ಕಡಿತ. ಅವಳ ಮೊದಲ ರೇಟಿಂಗ್ 1571. ಅದೇ ಐದು ಆಟಗಳಲ್ಲಿ ಇನ್ನೊಂದು ಅಂಕ ಬಂದಿದ್ದರೆ ಶೇ 57, ಐವತ್ತು ಸೇರಿ 1671. ಒಂದು ಆಟದಲ್ಲಿ, ಬಹುಶಃ ಒಂದು ನಡೆಯಲ್ಲಿ, ನೂರು ಪಾಯಿಂಟ್. ಫಿಡೆ ಪಟ್ಟಿ ಈ ಅನಿಶ್ಚಯವನ್ನು ಅಚ್ಚು ಹಾಕುವುದಿಲ್ಲ, ಆದ್ದರಿಂದ ನಾವೇ ಅದನ್ನು ಸೇರಿಸಿಕೊಂಡು ಓದಬೇಕು. ಮೊದಲ ಮೂವತ್ತು ಆಟಗಳವರೆಗೆ ಗುಣಕ 40 ಇರುವುದರಿಂದ, 1500ರ ಹುಡುಗಿ 1700ರವನನ್ನು ಸೋಲಿಸಿದರೆ ಒಂದೇ ಆಟಕ್ಕೆ 30 ಪಾಯಿಂಟ್ ಬರುತ್ತದೆ, ಸೋತರೆ ಹೋಗುವುದು ಹತ್ತಕ್ಕಿಂತ ಕಡಿಮೆ. ಆ ಮೂವತ್ತು ಆಟಗಳನ್ನು ತನಗಿಂತ ಬಲಿಷ್ಠರ ಜೊತೆ, ಸಾಧ್ಯವಾದರೆ ಬೇರೆ ಬೇರೆ ಊರು ಮತ್ತು ವಯಸ್ಸಿನವರ ಜೊತೆ ಆಡುವ ಹಾಗೆ ಟೂರ್ನಿಗಳನ್ನು ಆರಿಸಿ. ಮಕ್ಕಳೇ ತುಂಬಿದ ಟೂರ್ನಿಗಿಂತ ನಿವೃತ್ತ ಬ್ಯಾಂಕ್ ನೌಕರರೂ ಕಾಲೇಜು ಹುಡುಗರೂ ಬರುವ ಓಪನ್ ಟೂರ್ನಿಯಲ್ಲಿ ಸಿಗುವ ಸಂಖ್ಯೆ ಹೆಚ್ಚು ನಂಬಬಹುದಾದದ್ದು.